ಸಿಂಕಿಗೆ ಸುರಿದ ಕಡಲು

ನಾಗವೇಣಿ ಕಾಣದ್ದನ್ನು ಕಂಡೆ ಎಂದು ಬರೆದವಳಲ್ಲ. ಅವಳು ಕಣ್ಣಾರೆ ಕಂಡದ್ದನ್ನು ಚಿಮಟದಿಂದ ಒಂದೊಂದಾಗಿ ಆರಿಸಿ ತೆಗೆದವಳು ನಾನು. ತೆಗೆಯುವಾಗ ತಪ್ಪು ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ — ಇದು ನಿಜ. ಆದರೆ ಗೊತ್ತಾದ ಮೇಲೆ, ನಾಲ್ಕು ಜನ ಕೂತಿದ್ದ ಕೋಣೆಯಲ್ಲಿ ಅವಳು ನನ್ನ ಮುಖ ನೋಡಿ ಕೇಳಿದಾಗ, ಒಂದೂ ನೋಡಲಿಲ್ಲ ಎಂದೆ. ಇದೂ ನಿಜ. ಮರುದಿನ ಹೋಗಿ, ಉಳಿದಿದ್ದ ಒಂದೇ ಒಂದು ಸಾಕ್ಷಿಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ.

ಇಷ್ಟನ್ನು ಬರೆಯಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಈಗ ನಾನು ಹಿರಿಯೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳುತ್ತೇನೆ. ಆ ಪದವಿ ಎಲ್ಲಿಂದ ಬಂತು, ಯಾರ ಕುರ್ಚಿಯಿಂದ ಬಂತು — ಅದನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ.

ನನ್ನೂರು ಹರಿಯಬ್ಬೆ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಚಿತ್ರದುರ್ಗದ ಕಾಲೇಜೊಂದರಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿತು. ಸಮುದ್ರದ ಕೆಲಸ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. "ದುರ್ಗದಾಗೆ ಸಮುದ್ರ ಎಲ್ಲೈತೆ ತಾಯಿ, ಕೋಟೆ ಹಿಂದ್ಗಡೆ ಐತಾ?" ಎಂದು ಅಪ್ಪ ರೇಗಿಸಿದರು. ನಗುವ ಮಾತೇ ಅದು. ನಾನು ಅಲ್ಲಿಯವರೆಗೆ ಕಡಲನ್ನು ಕಂಡವಳೇ ಅಲ್ಲ. ನಮ್ಮ ಪಾಲಿಗೆ ದೊಡ್ಡ ನೀರು ಎಂದರೆ ಮಾರಿಕಣಿವೆಯ ಅಣೆಕಟ್ಟು, ಅಷ್ಟೇ.

ಆದರೆ ಕಡಲು ನಿಜವಾಗಿಯೂ ದುರ್ಗಕ್ಕೆ ಬರುತ್ತಿತ್ತು, ಬಿಗಿಯಾಗಿ ಮುಚ್ಚಳ ಹಾಕಿದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ. ಅದಕ್ಕೆ ಸ್ವಲ್ಪ ಕಾಲದ ಹಿಂದೆ ಜಪಾನಿನ ಕಡಲ ದಡದ ಅಣುಸ್ಥಾವರದಲ್ಲಿ ದೊಡ್ಡ ಅವಘಡವಾಗಿ ವಿಕಿರಣದ ವಿಷ ಸಮುದ್ರ ಸೇರಿತ್ತು. ಆ ವಿಷ ಮೇಲಿನ ನೀರಿನಲ್ಲೇ ಹರಡಿ ತೆಳುವಾಗುತ್ತದೆಯೋ, ಇಲ್ಲ ಒಂದಿಷ್ಟು ಪಾಲು ಆಳಕ್ಕೆ ಇಳಿಯುತ್ತದೆಯೋ ಎಂದು ನೋಡುವುದಕ್ಕಾಗಿ ಹೊರದೇಶದ ಹಡಗೊಂದು ಅಲ್ಲಿ ಆಳೆತ್ತರದ ಆಲಿಕೆಗಳನ್ನು ಹಗ್ಗ ಕಟ್ಟಿ ಇಳಿಬಿಟ್ಟಿತ್ತು. ಸೀಮೆಎಣ್ಣೆ ಹುಯ್ಯುತ್ತಿದ್ದ ಆಲಿಕೆಯದೇ ಆಕಾರ. ಮೇಲಿಂದ ಉದುರುವುದೆಲ್ಲ ಅದರೊಳಗೆ ಬೀಳುತ್ತದೆ, ಕೆಳಗಿನ ಬಾಟಲಿಯಲ್ಲಿ ಫಾರ್ಮಾಲಿನ್‌ನಲ್ಲಿ ಕೆಡದೆ ಉಳಿಯುತ್ತದೆ. ನಮ್ಮ ಕರಾವಳಿಯ ಪ್ರಯೋಗಾಲಯವೊಂದಕ್ಕೆ ಅದರಲ್ಲಿ ಪಾಲು ಸಿಕ್ಕಿತ್ತು. ದುರ್ಗದಲ್ಲಿ ನಮ್ಮ ಸಂಶೋಧನೆಯ ಹೊಣೆ ಹೊತ್ತಿದ್ದ ಮೇಡಂ ಹಿಂದೆ ಅಲ್ಲೇ ಓದಿದವರು. ಆರಿಸುವ ಕೆಲಸಕ್ಕೆ ತಾಳ್ಮೆಯ ಕೈಗಳು ಬೇಕು, ಅವು ತಮ್ಮ ಹತ್ತಿರ ಇವೆ ಎಂದು ಹೇಳಿ ಒಂದು ಪಾಲನ್ನು ದುರ್ಗಕ್ಕೆ ತರಿಸಿಕೊಂಡಿದ್ದರು.

ಆ ಕೈಗಳಲ್ಲಿ ಒಂದು ಜೊತೆ ನಾಗವೇಣಿಯದು, ಇನ್ನೊಂದು ನನ್ನದು. ನಾಗವೇಣಿ ತುರುವನೂರಿನವಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಇದೇ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಅವಳನ್ನು ನಾಗಕ್ಕ ಎನ್ನುತ್ತಿದ್ದೆ. ತುರುವನೂರಿನವರ ಹಠದ ಬಗ್ಗೆ ದುರ್ಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇವಳು ಆ ಊರಿನ ಲೆಕ್ಕದಲ್ಲೂ ಒಂದು ಕೈ ಹೆಚ್ಚು. ಅವಳ ತಲೆಯಲ್ಲಿ ಒಂದೇ ಒಂದು ವಿಷಯ ಕೂತಿತ್ತು — ವಿಷವನ್ನು ಆಳಕ್ಕೆ ಹೊರುವುದು ನೀರಲ್ಲ, ಜೀವಿಗಳು.

ಒಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಚಂದ್ರವಳ್ಳಿಗೆ ಹೋಗಿದ್ದೆವು. ಕೆರೆಯ ದಂಡೆಯಲ್ಲಿ ಕೂತು ಅವಳು ಒಂದು ಹಿಡಿ ಮಣ್ಣಿನ ಪುಡಿಯನ್ನು ನೀರಿಗೆ ತೂರಿದಳು. ಅದು ಮೇಲೆಯೇ ಕದಡಿಕೊಂಡು ನಿಂತಿತು. ಆಮೇಲೆ ಅದೇ ಮಣ್ಣನ್ನು ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಸಣ್ಣ ಉಂಡೆ ಮಾಡಿ ಹಾಕಿದಳು. ಅದು ಬುಳಕ್ಕನೆ ಮುಳುಗಿತು.

"ನೋಡಿದ್ಯಾ? ಎರಡೂ ಅದೇ ಮಣ್ಣು ಕಣೆ," ಎಂದಳು. "ಸಮುದ್ರದ ಮೇಲ್ಗಡೆ ಕಣ್ಣಿಗೆ ಕಾಣದಂಥ ಪಾಚಿ ಇರ್ತಾವೆ. ವಿಷ ಅವಕ್ಕೆ ಅಂಟ್ಕಂತೈತೆ. ಅಕ್ಕಿನುಚ್ಚಿನಷ್ಟು ಹುಳುಗಳು ಬಂದು ಆ ಪಾಚಿ ಮೇಯ್ತಾವೆ. ಮೇಯ್ದು ಹಿಕ್ಕೆ ಹಾಕ್ತಾವೆ. ಆ ಹಿಕ್ಕೆ ಐತಲ್ಲ, ಅದು ಉಂಡೆ. ಬಿಡಿಬಿಡಿಯಾಗಿ ವರ್ಷಗಟ್ಲೆ ತೇಲಾದು ಉಂಡೆಯಾಗಿ ಕೆಲವೇ ದಿನದಾಗೆ ತಳಕ್ಕೆ ಇಳೀತೈತೆ. ಬಹುಪಾಲು ವಿಷ ನೀರಿನಾಗೇ ಕರಗಿರ್ತೈತೆ, ಅದು ಬೇರೆ. ಆದ್ರೆ ಇಳಿಯಾದು ಈ ದಾರೀಲೇ."

ಸಮುದ್ರದ ಹುಳುವಿನ ಹಿಕ್ಕೆಯ ಬಗ್ಗೆ ಊಟದ ಹೊತ್ತಿನಲ್ಲಿ ಇಷ್ಟು ಪ್ರೀತಿಯಿಂದ ಮಾತಾಡುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ನಗು ತಡೆಯಲಾರದೆ ಬಾಯಲ್ಲಿದ್ದ ರೊಟ್ಟಿ ನೆತ್ತಿಗೆ ಹತ್ತಿತು. ಅವಳೇ ಬೆನ್ನು ತಟ್ಟಿದಳು.

ಅಂದರೆ ನನಗೆ ಗೊತ್ತಿತ್ತು. ಹಿಕ್ಕೆಯೇ ಮುಖ್ಯ ಎಂದು ನನಗೆ ಅವಳ ಬಾಯಿಂದಲೇ ಗೊತ್ತಿತ್ತು — ಇಲ್ಲಿ ಓದುವವರು ನನ್ನನ್ನು ನಂಬಲಿಕ್ಕಿಲ್ಲ, ನನಗೇ ಇವತ್ತಿಗೂ ನಂಬುವುದಕ್ಕೆ ಕಷ್ಟ. ಗೊತ್ತಿದ್ದೂ ನನ್ನ ಕೈ ಮಾಡಿದ್ದು ಬೇರೆ.

ಆರಿಸುವ ಕೆಲಸ ಹೀಗಿತ್ತು. ಆಲಿಕೆಯೊಳಗೆ ಉದುರಿ ಬಿದ್ದದ್ದು ಮಾತ್ರವಲ್ಲ, ತಾವಾಗಿಯೇ ಈಜಿಕೊಂಡು ಒಳಹೊಕ್ಕು ಸತ್ತ ಜೀವಿಗಳೂ ಇರುತ್ತವೆ. ಅವು ಆಳಕ್ಕೆ ಉದುರಿದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಗಾಜಿನ ತಟ್ಟೆಯಲ್ಲಿ ಹರಡಿ, ಮೈಕ್ರೋಸ್ಕೋಪಿನ ಕೆಳಗಿಟ್ಟು, ಈಜಿ ಬಂದವನ್ನು ಮಾತ್ರ ಚಿಮಟದಿಂದ ತೆಗೆಯಬೇಕು. ಉಳಿದ ಕಂದು ಧೂಳನ್ನು ಮುಟ್ಟಬಾರದು. ಅದನ್ನು ಸೋಸಿ, ಒಣಗಿಸಿ, ಕರಾವಳಿಗೆ ಕಳಿಸಿದರೆ ಅಲ್ಲಿ ಯಂತ್ರದಲ್ಲಿಟ್ಟು ವಿಕಿರಣ ಎಷ್ಟಿದೆ ಎಂದು ಅಳೆಯುತ್ತಾರೆ. ನಾಗಕ್ಕ ಪ್ರತಿ ಕ್ಯಾನನ್ನೂ ತಾನೇ ತೆರೆದು, ಒಂದು ಹನಿ ನೋಡಿ, ಕಂಡದ್ದನ್ನು ಬರೆದಿಟ್ಟು, ನನ್ನ ಕೈಗೆ ಕೊಡುತ್ತಿದ್ದಳು. ಆಮೇಲೆ ನಾನು, ಮೈಕ್ರೋಸ್ಕೋಪು, ಕಿಟಕಿಯಾಚೆ ಬಿಸಿಲಲ್ಲಿ ಕಾಯುವ ಬಂಡೆ.

ಕಾಳು ಹಸನು ಮಾಡುವ ಮನೆಯಲ್ಲಿ ಬೆಳೆದವಳು ನಾನು. ಶಾಲೆಗೆ ಸೇರುವ ಮೊದಲೇ ಮೊರ ಹಿಡಿದವಳು. ನವಣೆಯೋ ಸಾವೆಯೋ ರಾಗಿಯೋ ಮೊರದಲ್ಲಿ ಹರಡಿದರೆ ಕಣ್ಣು ಮೊದಲು ಹುಡುಕುವುದು ಇಲಿ ಹಿಕ್ಕೆಯನ್ನು. ಕಲ್ಲು ಸಿಕ್ಕರೆ ಹಲ್ಲಿಗೆ ನೋವು, ಹಿಕ್ಕೆ ಸಿಕ್ಕರೆ ಮನೆಗೇ ಅವಮಾನ. ಬೀಗರ ಮನೆಗೋ ಮಠದ ದಾಸೋಹಕ್ಕೋ ಕಾಳು ಕಳಿಸುವಾಗ ಅಜ್ಜಿ ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತಿದ್ದಳು. "ಇನ್ನೊಬ್ರ ಮನೆಗೆ ಹೋಗೋ ಕಾಳು ಕಣ್ರೇ. ಒಂದು ಹಿಕ್ಕೆ ಕಂಡ್ರೂ ನಮ್ಮನಿ ಮಾನ ಹೋಗ್ತೈತೆ." ಹಿಕ್ಕೆ ಕಂಡ ಕೂಡಲೇ ಉಗುರಿನಿಂದ ಹಾರಿಸುವುದನ್ನು ನಾವು ಯೋಚಿಸಿ ಮಾಡುತ್ತಿರಲಿಲ್ಲ. ಸೊಳ್ಳೆ ಹೊಡೆಯುವುದಕ್ಕೆ ಯಾರು ಯೋಚಿಸುತ್ತಾರೆ?

ಮೈಕ್ರೋಸ್ಕೋಪಿನ ಕೆಳಗೆ ಕಂಡದ್ದೂ ಅದೇ. ಕಂದು, ಕಪ್ಪು, ಉದ್ದುದ್ದ, ಎರಡೂ ತುದಿ ಮೊಂಡು. ಗಾತ್ರವೊಂದು ಬಿಟ್ಟರೆ ನಮ್ಮ ಅಟ್ಟದ ಇಲಿಗಳದೇ. ಚಿಮಟ ತಾನಾಗಿ ಹೋಯಿತು. ತೆಗೆದೆ. ಪಕ್ಕದಲ್ಲಿ ಫಾರ್ಮಾಲಿನ್ ಅಂಟಿದ ಕಸ ಹಾಕಲು ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಇತ್ತು; ಅದಕ್ಕೆ ಹಾಕಿದೆ. ಇನ್ನೊಂದು. ಮತ್ತೊಂದು. ಈಜಿ ಬಂದವಕ್ಕೆ ಬೇರೆ ಬಾಟಲಿ, ಕಸಕ್ಕೆ ಬೇರೆ ಬಾಟಲಿ, ಎಲ್ಲವೂ ಅಚ್ಚುಕಟ್ಟು. ಮೊದಲ ತಟ್ಟೆಯನ್ನು ಮೇಡಂಗೆ ತೋರಿಸಿದಾಗ ಅವರು ಕಣ್ಣಿಟ್ಟು ನೋಡಿ, "ಎಷ್ಟು ಕ್ಲೀನಾಗಿ ಮಾಡಿದ್ದೀಯಮ್ಮ ಗಿರಿಜಾ!" ಎಂದರು. ಆ ಮಾತು ನನ್ನ ತಲೆಗೆ ಏರಿತು. ಆಮೇಲಿನ ತಟ್ಟೆಗಳನ್ನು ಇನ್ನೂ ಹಸನು ಮಾಡಿದೆ. ಈಜಿ ಬಂದ ಹುಳುಗಳ ಒಂದು ಚೂರೂ ಉಳಿದಿಲ್ಲವಲ್ಲ ಎಂದು ಮೇಡಂ ಮೆಚ್ಚಿದ್ದಿರಬೇಕು. ನಾನು ಮೆಚ್ಚುಗೆಯನ್ನಷ್ಟೇ ಕೇಳಿಸಿಕೊಂಡೆ. ಕರಾವಳಿಗೆ ಹೋಗುವ ಮಾದರಿ — ಇನ್ನೊಬ್ಬರ ಮನೆಗೆ ಹೋಗುವ ಕಾಳು. ಚಂದ್ರವಳ್ಳಿಯ ದಂಡೆಯಲ್ಲಿ ಕೇಳಿದ ಮಾತು ಕಿವಿಯಲ್ಲಿತ್ತು, ಬೆರಳಿಗೆ ಇಳಿದಿರಲೇ ಇಲ್ಲ. ನನ್ನ ಮನಸ್ಸಿನಲ್ಲಿ ನಾಗಕ್ಕನ ಹಿಕ್ಕೆ ಏನೋ ದೊಡ್ಡ ಶಾಸ್ತ್ರದ ವಸ್ತು. ತಟ್ಟೆಯಲ್ಲಿದ್ದದ್ದು ಬರೀ ಹೊಲಸು.

ಕೆಲವು ತಿಂಗಳ ಮೇಲೆ ಕರಾವಳಿಯಿಂದ ಫಲಿತಾಂಶ ಬಂತು. ಆಳದ ಮಾದರಿಗಳಲ್ಲಿ ಹೇಳಿಕೊಳ್ಳುವಂಥ ವಿಕಿರಣವೇ ಇಲ್ಲ.

ನಾಗಕ್ಕ ಕಂಪ್ಯೂಟರಿನ ಮುಂದೆ ಕೂತು ಅದನ್ನು ಮತ್ತೆ ಮತ್ತೆ ಓದಿದಳು. "ಅದೆಂಗಾಗ್ತೈತೆ?" ಎಂದಳು. ಯಾರಿಗೂ ಅಲ್ಲ, ತನಗೇ. "ಅಷ್ಟೊಂದು ಹಿಕ್ಕೆ ಇದ್ವಲ್ಲ. ಅವುಗಳಾಗೂ ಇಲ್ಲ ಅಂದ್ರೆ…"

ಆ ಕ್ಷಣ — ಆ ಕ್ಷಣ ನನಗೆ ಹೊಳೆಯಿತು. ಅವುಗಳಾಗೂ. ಅವು. ನನ್ನ ಚಿಮಟ, ನನ್ನ ಬಾಟಲಿ… ಅವಳು ಮೇಡಂ ಕೋಣೆಗೆ ಹೋಗುವುದನ್ನೇ ಕಾದು, ಮೇಜಿನ ಕೆಳಗಿದ್ದ ಉಪ್ಪಿನಕಾಯಿ ಬಾಟಲಿಯನ್ನು ಎತ್ತಿ, ಒಂದಿಷ್ಟನ್ನು ತಟ್ಟೆಗೆ ಸುರಿದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ತಟ್ಟೆಯ ತುಂಬ ಅವೇ. ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಅವಳು ವರ್ಷಗಳಿಂದ ಹುಡುಕುತ್ತಿದ್ದದ್ದು ಅವಳ ಕುರ್ಚಿಯಿಂದ ಎರಡು ಮಾರು ದೂರದಲ್ಲಿ, ಕಸದ ಬಾಟಲಿಯಲ್ಲಿ ಕೂತಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆ ಹೊತ್ತಿಗೆ ಏನೂ ಕೆಟ್ಟಿರಲಿಲ್ಲ. ಫಾರ್ಮಾಲಿನ್‌ನಲ್ಲಿದ್ದ ಹಿಕ್ಕೆಗಳು ಹಾಗೆಯೇ ಇದ್ದವು. 'ಅಕ್ಕಾ, ನನ್ನಿಂದ ತಪ್ಪಾಯ್ತು, ಇಲ್ಲಿವೆ ನೋಡು' ಎಂದು ಬಾಟಲಿ ಮುಂದಿಟ್ಟಿದ್ದರೆ ನಾಗಕ್ಕ ನನ್ನನ್ನು ಬೈದು, ತಲೆ ಚಚ್ಚಿಕೊಂಡು, ಸಂಜೆಯೊಳಗೆ ಕರಾವಳಿಗೆ ಕಳಿಸುತ್ತಿದ್ದಳು. ಯಾವ ಕ್ಯಾನಿನದು ಯಾವುದು ಎಂಬುದು ಬೆರೆತುಹೋಗಿತ್ತು, ನಿಜ. ಆದರೂ ಹಿಕ್ಕೆಯಲ್ಲಿ ವಿಷ ಇದೆಯೋ ಇಲ್ಲವೋ ಅಷ್ಟಾದರೂ ಗೊತ್ತಾಗುತ್ತಿತ್ತು. ನನ್ನನ್ನು ತಡೆದದ್ದು ಇನ್ನೇನೂ ಅಲ್ಲ — ನಗುತ್ತಾರೆ ಎಂಬ ಹೆದರಿಕೆ. ಸಮುದ್ರದ ಮಾದರಿಯನ್ನು ಹರಿಯಬ್ಬೆಯ ಹುಡುಗಿ ರಾಗಿ ಆರಿಸಿದ ಹಾಗೆ ಆರಿಸಿದಳಂತೆ! ಆ ಮಾತು ಕರಾವಳಿಯವರೆಗೂ ಹೋಗುತ್ತದೆ. ಅದನ್ನು ನೆನೆದೇ ಮುಖ ಬಿಸಿಯಾಯಿತು. ನಾಳೆ ಹೇಳಿದರಾಯಿತು ಎಂದು ಬಾಟಲಿಯನ್ನು ಮತ್ತೆ ಮೇಜಿನ ಕೆಳಗಿಟ್ಟೆ. ನಾಳೆ ಎಂಬುದು ಎಷ್ಟೋ ಸಲ ಬಂದು ಹೋಯಿತು.

ಕರಾವಳಿಯ ವಿಜ್ಞಾನಿಯೊಬ್ಬರು ಖುದ್ದಾಗಿ ಬಂದರು. ಒಳ್ಳೆಯ ಮನುಷ್ಯ, ದನಿ ಎತ್ತಿದವರೇ ಅಲ್ಲ. ಮೇಡಂ ಕೋಣೆಯಲ್ಲಿ ನಾವು ನಾಲ್ವರೇ. ಅವರು ಹೇಳಿದ್ದು ಇಷ್ಟು: ವಿಕಿರಣ ಕಡಿಮೆ ಬಂದರೆ ಬರಲಿ, ಅದೂ ಒಂದು ಫಲಿತಾಂಶವೇ. ಆದರೆ ನೀವು ಪ್ರತಿ ಮಾದರಿಯಲ್ಲೂ ಹಿಕ್ಕೆಗಳು ಧಾರಾಳವಾಗಿವೆ ಎಂದು ಬರೆದಿದ್ದೀರಿ. ನಾವು ಅಳೆದು ಉಳಿದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಒಂದೂ ಇಲ್ಲ. ಇದು ಹೇಗೆ?

"ನಾನು ಕಣ್ಣಾರೆ ನೋಡಿದೀನಿ ಸಾರ್," ಎಂದಳು ನಾಗಕ್ಕ.

"ನೋಡಬೇಕೆಂದು ಆಸೆ ಇದ್ದಾಗ ಕಣ್ಣು ಹಾಗೆ ತೋರಿಸುತ್ತದಮ್ಮ," ಎಂದರು ಅವರು, ಮೆತ್ತಗೆ. "ನಮಗೆಲ್ಲ ಆಗುತ್ತದೆ. ಆದರೆ ಇಲ್ಲದ್ದನ್ನು ಬರೆಯಬಾರದು."

ನಾಗಕ್ಕನ ಮುಖ ಕೆಂಪಾಯಿತು. ಅವಳು ನನ್ನ ಕಡೆ ತಿರುಗಿದಳು. ನನ್ನ ಮೇಲೆ ಅವಳಿಗೆ ಅನುಮಾನ ಒಂದು ಚೂರೂ ಇರಲಿಲ್ಲ — ಅದೇ, ಅದನ್ನೇ ನಾನು ಮರೆಯಲಾರೆ. ಸಾಕ್ಷಿ ಕರೆದ ಹಾಗೆ ಕರೆದಳು.

"ಗಿರಿಜಾ, ಎಲ್ಲಾ ತಟ್ಟೆನೂ ನೀನೇ ಆರಿಸ್ದವ್ಳು. ಹೇಳೇ. ನೀನೂ ನೋಡಿದ್ಯಲ್ಲ?"

"ಇಲ್ಲಕ್ಕ," ಎಂದೆ. "ನಾನು ಒಂದೂ ನೋಡ್ಲಿಲ್ಲ."

ಯಾರೂ ನನ್ನ ಬಾಯಿಗೆ ಆ ಮಾತು ತುರುಕಲಿಲ್ಲ. ನಾನು ಹೇಳಿದ ಕೂಡಲೇ ನನ್ನ ದನಿ ಕೇಳಿ ನಾನೇ ಬೆಚ್ಚಿದೆ. ಎಷ್ಟು ಸಲೀಸಾಗಿ, ಎಷ್ಟು ಸಹಜವಾಗಿ ಬಂದಿತ್ತು. ನಾಗಕ್ಕ ನನ್ನನ್ನು ನೋಡುತ್ತಲೇ ಇದ್ದಳು. ಸಿಟ್ಟಿನಿಂದಲ್ಲ. ಅವಳು ನೆನಪು ಮಾಡಿಕೊಳ್ಳುತ್ತಿದ್ದಳು. ತಾನು ಕಂಡದ್ದನ್ನು ಒಂದೊಂದಾಗಿ ನೆನೆದು, ನನ್ನ ಮಾತಿನ ಪಕ್ಕದಲ್ಲಿಟ್ಟು, ತೂಗಿ… ಕೊನೆಗೆ ತಲೆ ತಗ್ಗಿಸಿದಳು. ನನ್ನ ಮಾತನ್ನು ಆರಿಸಿಕೊಂಡಳು. ತನ್ನ ಕಣ್ಣನ್ನು ಬಿಟ್ಟಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಟಲಿಯನ್ನು ಸಿಂಕಿಗೆ ಸುರಿದೆ. ಫಾರ್ಮಾಲಿನ್ ಘಾಟಿಗೆ ಕಣ್ಣಲ್ಲಿ ನೀರು ಬಂತು, ಅಳುವಿನಿಂದಲ್ಲ. ಕಂದು ನೀರು ಒಂದು ಸುತ್ತು ತಿರುಗಿ ಇಳಿದುಹೋಯಿತು. ಅದರಲ್ಲಿದ್ದ ವಿಕಿರಣ ಯಾರಿಗೂ ಹಾನಿ ಮಾಡುವಷ್ಟಿರಲಿಲ್ಲ. ಹಾನಿಯಾದದ್ದು ಒಬ್ಬಳಿಗೇ. ಆ ಮಾದರಿ ಮತ್ತೆ ಸಿಗುವಂಥದ್ದಲ್ಲ. ಅವಘಡದ ಬೆನ್ನಲ್ಲೇ ಆ ಕಡಲಲ್ಲಿ ಉದುರಿದ್ದು ಅದು. ಈಗ ಯಾರು ಎಷ್ಟು ಆಲಿಕೆ ಇಳಿಬಿಟ್ಟರೂ ಆ ದಿನಗಳು ಮತ್ತೆ ಉದುರುವುದಿಲ್ಲ. ಬಾಟಲಿ ತೊಳೆದು ಕಿಟಕಿಯ ಮೇಲೆ ಬೋರಲು ಹಾಕಿದೆ. ಅಚ್ಚುಕಟ್ಟು ನೋಡಿ.

ನಾಗಕ್ಕ ಗಲಾಟೆ ಮಾಡಲಿಲ್ಲ. ತುರುವನೂರಿನ ಹಠ ಎಂದೆನಲ್ಲ, ಅದು ಎಲ್ಲಿ ಹೋಯಿತೋ. ಸ್ವಲ್ಪ ದಿನ ಬಂದಳು, ಆಮೇಲೆ ಬರುವುದನ್ನು ಬಿಟ್ಟಳು. ಹೊಳಲ್ಕೆರೆ ಕಡೆಗೆ ಮದುವೆಯಾಯಿತೆಂದೂ ಅಲ್ಲೇ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆಂದೂ ಕೇಳಿದೆ. ಅವಳ ಪಿಎಚ್.ಡಿ. ಜಾಗ ಖಾಲಿಯಾಯಿತು. ಮೇಡಂ ನನ್ನನ್ನು ಕರೆದು ಕೇಳಿದರು, ನಾನು ಒಲ್ಲೆ ಎನ್ನಲಿಲ್ಲ. ಮಾರಿಕಣಿವೆಯ ನೀರಿನ ಸೂಕ್ಷ್ಮಜೀವಿಗಳ ಮೇಲೆ ಬರೆದೆ. ಡಾಕ್ಟರ್ ಆದೆ.

ನಡುವೆ ಒಂದು ಸಲ ಹೊರದೇಶದವರ ಲೇಖನವೊಂದು ಕೈಗೆ ಬಂತು. ಅದೇ ಕಡಲು, ಬೇರೆ ಆಲಿಕೆಗಳು. ಮೇಲಿಂದ ಉದುರುವ ಕಣಗಳ ಜೊತೆ ವಿಷ ಆಳಕ್ಕೆ ಇಳಿದದ್ದು, ಅದೂ ಅಷ್ಟು ಬೇಗ ಇಳಿದದ್ದು, ಅಲ್ಲಿ ಕಂಡುಬಂದಿತ್ತು. ನಾಗಕ್ಕ ಕೆರೆಯ ದಂಡೆಯಲ್ಲಿ ಹೇಳಿದ್ದೂ ಅದೇ. ಗ್ರಂಥಾಲಯದ ಬೆಂಚಿನ ಮೇಲೆ ಎಷ್ಟು ಹೊತ್ತು ಹಾಗೇ ಕೂತೆನೋ. ಆಗಲಾದರೂ ಒಂದು ಫೋನು ಮಾಡಬಹುದಿತ್ತು… ಮಾಡಲಿಲ್ಲ. ಅವಳು ಇದನ್ನೆಲ್ಲ ಎಲ್ಲಾದರೂ ಓದಿಕೊಂಡಿರುತ್ತಾಳೆ, ತಾನು ಸರಿಯಿದ್ದೆ ಎಂದು ಅವಳಿಗೆ ಗೊತ್ತಾಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನನಗೆ ಅನುಕೂಲವಾದ ಮಾತಾಗಿತ್ತು.

ಕಳೆದ ಚಳಿಗಾಲದಲ್ಲಿ ಹೊಸದುರ್ಗದಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ನನ್ನನ್ನು ತೀರ್ಪುಗಾರ್ತಿಯಾಗಿ ಕರೆದಿದ್ದರು. ಜ್ವಾಲಾಮುಖಿ, ಗಾಳಿಯಂತ್ರ, ಹನಿ ನೀರಾವರಿ ಎಲ್ಲ ದಾಟಿ ಬರುತ್ತಿದ್ದಾಗ ಒಂದು ಗಾಜಿನ ತೊಟ್ಟಿಯ ಮುಂದೆ ಎರಡು ಜಡೆಯ ಹುಡುಗಿ ನಿಂತಿದ್ದಳು. ಮೇಲೆ ತಿಳಿನೀರು, ಕೆಳಗೆ ಉಪ್ಪು ಬೆರೆಸಿದ ಭಾರದ ನೀರು. ಮೇಲಿನ ನೀರಿಗೆ ಕೆಂಪು ಬಣ್ಣ ಬಿಟ್ಟಳು. ಬಣ್ಣ ಮೇಲೆಯೇ ಹರಡಿ ತೆಳುವಾಯಿತು.

"ಸಮುದ್ರಕ್ಕೆ ಬಿದ್ದ ವಿಕಿರಣ ಹಿಂಗೇ ಮೇಲೇ ಇರ್ತೈತೆ ಮೇಡಂ. ಆಳಕ್ಕೆ ಹೋಗಲ್ಲ. ಜೀವಿಗಳು ಅದನ್ನ ಕೆಳಕ್ಕೆ ಹೊತ್ಕೊಂಡು ಹೋಗ್ತಾವೆ ಅಂತ ಕೆಲವ್ರು ತಪ್ಪು ತಿಳ್ಕಂಡಿದ್ರು. ನಮ್ ಮಿಸ್ಸೂ ಮೊದ್ಲು ಹಂಗೇ ತಿಳ್ಕಂಡಿದ್ರಂತೆ."

ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಎತ್ತಿಕೊಟ್ಟ ಕೈ ನಾಗಕ್ಕನದು.

ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನಗು ಅದೇ. "ಲೇ ಗಿರಿಜಾ!" ಎಂದು ಮಕ್ಕಳ ಎದುರೇ ತಬ್ಬಿಕೊಂಡಳು. "ಡಾಕ್ಟ್ರಮ್ಮ ಆಗೀಯಂತೆ! ಬಾ, ಚಾ ಕುಡಿಯಾಣ." ನಾನು ಏನಂದೆನೋ ನೆನಪಿಲ್ಲ. ಅವಳು ನನ್ನನ್ನು ತನ್ನ ವಿದ್ಯಾರ್ಥಿನಿಗೆ ಪರಿಚಯಿಸಿದಳು, ಹೆಮ್ಮೆಯಿಂದ. ಆಮೇಲೆ ಮೆತ್ತಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಆವತ್ತು ನೀನಾದ್ರೂ ಇದ್ದದ್ದು ಇದ್ದಂಗೆ ಹೇಳ್ದೆ ಕಣೆ. ನನ್ನ ಮುಖ ನೋಡಿ ಹ್ಞೂಂ ಅಂದಿದ್ರೆ ನಾನು ಸುಳ್ಳನ್ನೇ ನಂಬ್ಕಂಡು ಸುಳ್ಳನ್ನೇ ಕಲಿಸ್ತಿದ್ದೆ. ನಿನ್ನ ಋಣ ನನ್ ಮ್ಯಾಲೈತೆ."

ಅವಳು ಆ ವಿಷಯವನ್ನು ಮತ್ತೆಂದೂ ಓದಿರಲಿಲ್ಲ. ಓದುವ ಧೈರ್ಯವಿರಲಿಲ್ಲವಂತೆ. ಪದವಿ ಹೋಯಿತು, ಹೆಸರು ಹೋಯಿತು ಎಂದಷ್ಟೇ ನಾನು ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಅವಳು ತನ್ನ ಕಣ್ಣನ್ನೇ ನಂಬದೆ ಬದುಕಿದ್ದಳು. ನನ್ನ ಸುಳ್ಳನ್ನು ಸತ್ಯವೆಂದು, ಪಾಠವೆಂದು, ವರ್ಷ ವರ್ಷವೂ ಮಕ್ಕಳಿಗೆ ಕೊಡುತ್ತ ಬಂದಿದ್ದಳು. ಮೇಲಾಗಿ ಅದಕ್ಕೆ ನನಗೆ ಕೃತಜ್ಞಳಾಗಿದ್ದಳು! ಆ ಚಾ ಕುಡಿದೆ. ಅಲ್ಲೂ ಬಾಯಿ ಬಿಡಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ಆ ಹುಡುಗಿಯ ತೊಟ್ಟಿಗೆ ಎರಡನೆಯ ಬಹುಮಾನ ಕೊಟ್ಟು ಬಸ್ಸು ಹತ್ತಿದೆ.

ಈಗ ನಿವೃತ್ತರಾಗಿರುವ ಮೇಡಂಗೂ ಕರಾವಳಿಯವರಿಗೂ ಎಲ್ಲವನ್ನೂ ತಿಳಿಸಿದ್ದೇನೆ. ಆದರೆ ಮೊದಲು ಹೇಳಬೇಕಾದದ್ದು ಅವಳಿಗೆ. ಪ್ರದರ್ಶನ ಮುಗಿದ ಮುಂದಿನ ವಾರ ಹೊಳಲ್ಕೆರೆಗೆ ಹೋದೆ. ಶಾಲೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತು ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

"ಅಕ್ಕಾ, ಹಿಕ್ಕೆ ಇದ್ವು. ಎಲ್ಲಾ ತಟ್ಟೆನಾಗೂ ಇದ್ವು. ನಾನೇ ಕಸ ಅಂತ ಆರಿಸಿ ತೆಗ್ದೆ. ಕರಾವಳಿ ಸಾರ್ ಬರೋಕ್ಕಿಂತ ಮುಂಚೇನೇ ನಂಗದು ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳ್ದೆ."

ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ. ಅವಳು ಬೈಯಲಿಲ್ಲ. ಮೊದಲು ಅರ್ಥವೇ ಆಗದವಳ ಹಾಗೆ ನೋಡಿದಳು. ಆಮೇಲೆ — ನಾನು ಇದಕ್ಕೆ ಮಾತ್ರ ಸಿದ್ಧಳಿರಲಿಲ್ಲ — ಅವಳ ಮುಖ ಅರಳಿತು. ಪತ್ರಿಕೆಗಳು ತೊಡೆಯಿಂದ ಜಾರಿ ಬಿದ್ದವು. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಇದ್ವಾ? ನಿಜವಾಗ್ಲೂ ಇದ್ವಾ? ಹಂಗಾರೆ ನಾನು ನೋಡಿದ್ದು ನಿಜ! ನನ್ ಕಣ್ಣು ಸರಿ ಇತ್ತು ಕಣೆ ಗಿರಿಜಾ, ನನ್ ಕಣ್ಣು ಸರಿ ಇತ್ತು!" ಅವಳು ನಗುತ್ತಿದ್ದಳು, ಅಳುತ್ತಿದ್ದಳು. ಚಂದ್ರವಳ್ಳಿಯ ಆ ಮಧ್ಯಾಹ್ನದ ಮೇಲೆ ಆ ದನಿಯನ್ನು ನಾನು ಕೇಳಿರಲಿಲ್ಲ. "ಆರಿಸಿ ಎಲ್ಲಿಗೆ ಹಾಕ್ದೆ? ಬಾಟ್ಲಿಗೆ ತಾನೆ? ಫಾರ್ಮಾಲಿನ್‌ನಾಗೆ ಇದ್ರೆ ಏನೂ ಆಗಿರಲ್ಲ. ಇವತ್ತಿಗೂ ಅಳತೆ ಮಾಡ್ಬೋದು. ಎಲ್ಲೈತೆ? ತಂದೀಯಾ?"

ಅವಳು ನನ್ನ ಕೈಚೀಲದ ಕಡೆ ನೋಡಿದಳು.

ಬರುವಾಗ ಬಸ್ಸಿನಲ್ಲಿ ಎಲ್ಲ ಮಾತನ್ನೂ ಜೋಡಿಸಿಕೊಂಡಿದ್ದೆ. ಇದೊಂದನ್ನು ಬಿಟ್ಟಿದ್ದೆ — ಬೇಕೆಂದೇ ಬಿಟ್ಟಿದ್ದೆನೇನೋ. ಅಷ್ಟನ್ನು ಹೇಳಿದರೆ ಸಾಕು, ಉಳಿದದ್ದು ಯಾರಿಗೂ ಬೇಡ ಎಂದು.

"ಇಲ್ಲಕ್ಕ," ಎಂದೆ. "ಮರುದಿನಾನೇ ಸಿಂಕಿಗೆ ಸುರಿದೆ. ಏನು ಅಂತ ಗೊತ್ತಿದ್ದೇ ಸುರಿದೆ."

ಅವಳ ಕೈಗಳು ನನ್ನ ಕೈಯಲ್ಲೇ ಸ್ವಲ್ಪ ಹೊತ್ತು ಇದ್ದವು. ಬಿಡಬೇಕೆಂದು ಅವುಗಳಿಗೆ ತಡವಾಗಿ ಹೊಳೆದ ಹಾಗೆ. ಆಮೇಲೆ ಬಿಟ್ಟಳು. ಬಗ್ಗಿ ಪತ್ರಿಕೆಗಳನ್ನು ಒಂದೊಂದಾಗಿ ಆಯ್ದುಕೊಂಡಳು. ನಾನೂ ಬಗ್ಗಲು ಹೋದರೆ ಕೈಯಲ್ಲೇ ಬೇಡ ಎಂದಳು. ಹೊರದೇಶದವರ ಅಳತೆಯಲ್ಲಿ ಅವಳ ಮಾತೇ ನಿಜವಾಗಿದೆ ಎಂಬುದನ್ನಷ್ಟೇ ಹೇಳಿದೆ. ಕ್ಷಮಿಸು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಅವಳು ಅಂಥವಳು. ಅದನ್ನೂ ಅವಳಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ.

ಗಂಟೆ ಹೊಡೆಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದ ತರಗತಿಗೆ ಹೋದಳು. ನಾನು ಕಿಟಕಿಯ ಹೊರಗೆ ನಿಂತೇ ಇದ್ದೆ. ಮಕ್ಕಳು ಎದ್ದು ನಮಸ್ಕಾರ ಹೇಳಿದರು. ಕುಂತ್ಕಳ್ರಿ ಎಂದಳು.

"ಸಮುದ್ರದ ಪಾಠದಾಗೆ ನಾನು ನಿಮಗೆ ಒಂದು ತಪ್ಪು ಹೇಳಿಕೊಟ್ಟಿದ್ದೆ," ಎಂದಳು ಆಮೇಲೆ. "ಇವತ್ತು ಅದನ್ನ ತಿದ್ಕಳ್ರಿ. ವಿಷ ಆಳಕ್ಕೆ ಇಳೀತೈತೆ. ಸಣ್ಣ ಜೀವಿಗಳ ಹಿಕ್ಕೆನಾಗೆ ಸೇರ್ಕಂಡು ಇಳೀತೈತೆ. ಆ ಹಿಕ್ಕೆನ ನಾನು ಕಣ್ಣಾರೆ ನೋಡಿದೀನಿ." ಮಕ್ಕಳು ಬರೆದುಕೊಂಡರು. "ನಿಮಗೆ ತೋರ್ಸಾಕೆ ಮಾತ್ರ ನನ್ನತ್ರ ಏನೂ ಇಲ್ಲ."